ಕಾಲು ತೊಳೆಯುವ ಬೆಂಚು

ಕಾಣದ್ದನ್ನು ನಂಬಲು ನನಗೆ ಎಂದೂ ಪುರುಸೊತ್ತಿರಲಿಲ್ಲ. ಕಣ್ಣೆದುರಿಗಿದ್ದ ಮಹಾದೇವನ ಏಳಿಗೆಗೆ ಉರಿದುಕೊಳ್ಳುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಆದ್ದರಿಂದ ಓದುಗರು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಆರಂಭ. ಮಾನ್ವಿಯಲ್ಲಿ ನಾವಿಬ್ಬರೂ ಟೈಪಿಂಗ್ ಕಲಿಸುತ್ತಿದ್ದೆವು. ನನ್ನದು ತಗಡಿನ ಶೆಡ್ಡು. ಸಣ್ಣದೊಂದು ಕ್ರೈಸ್ತ ಪಂಗಡದವರು ಕೆಲವೇ ವರ್ಷಗಳ ಹಿಂದೆ ಕಟ್ಟಿದ್ದ ಕಾಂಕ್ರೀಟ್ ಪ್ರಾರ್ಥನಾಮಂದಿರಕ್ಕೆ, ಕುಟುಂಬಗಳೆಲ್ಲ ನೌಕರಿಗೆಂದು ರಾಯಚೂರು ಸೇರಿದ ಮೇಲೆ, ಬೀಗ ಬಿದ್ದಿತ್ತು. ಎತ್ತರದ ಕಿಟಕಿಗಳು, ಎರಡೂ ಕಡೆಯಿಂದ ಗಾಳಿ. ಅದನ್ನು ಬಾಡಿಗೆಗೆ ಕೇಳಿ ಒಂದಕ್ಷರ ತಪ್ಪಿಲ್ಲದ ಅರ್ಜಿ ಟೈಪು ಮಾಡಿ ಕೊಟ್ಟೆ. ಮಹಾದೇವ ಬಾಯಿಮಾತಿನಲ್ಲೇ ಕೇಳಿ ಪಡೆದ. ನನ್ನ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಗಾಳಿಯಿದ್ದ ಕಡೆ ನಡೆದರು.

ಬೇಸಿಗೆಯ ಒಂದು ಮಧ್ಯಾಹ್ನ, ಅಭಿನಂದಿಸುವ ನೆಪದಲ್ಲಿ ಗೋಡೆಯ ಬಿರುಕು ಹುಡುಕಲು ಹೋದೆ.

“ಬರ್ರಿ ಸರ, ಶೆಡ್ಡಿನ್ಯಾಗ ಕುಂತು ಕುಂತು ಹಪ್ಪಳ ಆಗೀರಿ,” ಎಂದ ಮಹಾದೇವ. “ಮ್ಯಾಲೇನು ನೋಡಾಕತ್ತೀರಿ? ಸೋರಂಗಿಲ್ಲ ಬಿಡ್ರಿ.”

“ಭಾಳ ಸಂತೋಷ ಆತಪಾ,” ಎಂದೆ, ಶ್ರದ್ಧಾಂಜಲಿ ಸಭೆಯ ದನಿಯಲ್ಲಿ.

ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಹಿಂದಿನ ಸಾಲಿನ ಹಳೆಯ ಬೆಂಚಿನಲ್ಲಿ ಇಬ್ಬರೂ ಚಹಾಕ್ಕೆ ಕುಳಿತೆವು. ಆಗ ನನ್ನ ಪಾದಗಳ ಮೇಲೆ ತಣ್ಣನೆಯ ನೀರು ಹರಿಯಿತು. ಯಾರದೋ ಕೈಗಳು ಹಿಮ್ಮಡಿಯನ್ನು ಮೆಲ್ಲಗೆ ಉಜ್ಜಿದವು. ಬಗ್ಗಿ ನೋಡಿದರೆ ಯಾರೂ ಇಲ್ಲ. ಊರಿನ ನಲ್ಲಿಗಳಿಗೆ ನೀರು ಬಂದು ನಾಲ್ಕು ದಿನವಾಗಿತ್ತು.

ಚಹಾ ಅಲ್ಲೇ ಬಿಟ್ಟು ಎದ್ದು ಬಾಗಿಲಿಗೆ ಬಂದೆ. ಮಂದಿರದ ಕಾಲದಿಂದಲೂ ಅಲ್ಲಿ ಕಸ ಗುಡಿಸುತ್ತಿದ್ದ ಮಾರ್ತಮ್ಮ ನೆಲದ ಮೇಲಿನ ನನ್ನ ಹಸಿ ಹೆಜ್ಜೆಗಳನ್ನು ನೋಡಿದಳು.

“ಯಾರ ಮ್ಯಾಲ ಹೊಟ್ಟಿಕಿಚ್ಚು ಇತ್ರೀ ಸರ?”

“ಏನಬೇ ಹಂಗಂದ್ರ?”

“ವರ್ಷಕ್ಕೊಮ್ಮಿ ಪ್ರಭುವಿನ ಊಟಕ್ಕ ಮೊದಲ, ಮತ್ತೊಬ್ಬರ ಮ್ಯಾಲ ಹೊಟ್ಟಿಕಿಚ್ಚಿಲೆ ಮನಸು ಕೆಡಿಸಿಕೊಂಡವರನ್ನ ಇದ ಬೆಂಚಿನ ಮ್ಯಾಲ ಕುಂದ್ರಿಸಿ ಕಾಲು ತೊಳೀತಿದ್ವಿರೀ. ಆಮ್ಯಾಲ ಊಟ.”

ನಗುತ್ತ ಹಿಂದಿರುಗಿ ನೋಡಿದೆ. ಬೆಂಚಿನಿಂದ ಮಹಾದೇವನ ಮೇಜಿನವರೆಗೆ ಇನ್ನೊಂದು ಸಾಲು ಹಸಿ ಹೆಜ್ಜೆಗಳಿದ್ದವು. ಮೇಜಿನ ಹಿಂದೆ ಕಾಲು ಮರೆಸಿಕೊಂಡು ನಿಂತ ಅವನು ಗೋಡೆ ನೋಡುತ್ತಿದ್ದ.

ಆ ನೀರು ಎಲ್ಲಿಂದ ಬಂತೋ ನಾನರಿಯೆ. ಬೇಕಾದರೆ ಅದನ್ನು ಬಿಟ್ಟುಬಿಡುತ್ತೇನೆ. ಆ ಮಂದಿರ, ಆ ಗಾಳಿ, ನನ್ನ ವಿದ್ಯಾರ್ಥಿಗಳು, ಎಲ್ಲವೂ ಇದ್ದವನು ತಗಡಿನಡಿ ಬೇಯುತ್ತಿದ್ದ ನನ್ನಲ್ಲಿ ಏನನ್ನು ಕಂಡು ಕರುಬಿದ? ನಾನು ಕೇಳಲಿಲ್ಲ. ಅವನು ಹೇಳದೆಯೇ ತೀರಿಕೊಂಡ. ಇದರಲ್ಲೂ ಅವನೇ ಗೆದ್ದ.