ಬಾವಿಯ ಬಣ್ಣ ತೆಗೆದ ಪುಡಿ

"ನೋಡಿ, ಈಗ ಹೇಗುಂಟು! ಮಿನರಲ್ ವಾಟರ್!"

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಾಡಿಗೆಮನೆಯ ಓನರ್ ಸದಾನಂದಣ್ಣ ಬಾವಿಕಟ್ಟೆಯ ಬಳಿ ನಿಂತು ಹೀಗೆ ಘೋಷಿಸಿದರು. ಕಾಪುವಿನ ಈ ವಠಾರದ ಬಾಡಿಗೆದಾರರಿಗೆಲ್ಲ ಇರುವುದು ಅದೊಂದೇ ಬಾವಿ. ಮಳೆ ಶುರುವಾದ ಮೇಲೆ ಅದರ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು. ಮೇಲೆ ಹೊದಿಸಿದ್ದ ಬಲೆ ಹರಿದು ಎಷ್ಟೋ ಕಾಲವಾಗಿದೆ, ಹಲಸಿನೆಲೆಗಳೆಲ್ಲ ಒಳಗೇ ಕೊಳೆಯುತ್ತಿವೆ. ಓನರ್ ಮಾಡಿದ್ದೇನು? ಹಿಂದಿನ ಸಂಜೆ ಒಂದು ಬಕೆಟ್ ಬ್ಲೀಚಿಂಗ್ ಪೌಡರ್ ಕಲಸಿ ಸುರಿದರು. ಬಣ್ಣ ಹೋಗಲಿಲ್ಲ. ಇನ್ನೊಂದು ಬಕೆಟ್ ಸುರಿದರು. ಬೆಳಿಗ್ಗೆ ನೀರು ತಿಳಿ!

ಪಕ್ಕದ ಮನೆಯ ಫಾತಿಮಾ ಮಗುವನ್ನು ಎತ್ತಿಕೊಂಡು ಬಂದಳು. "ಅಕ್ಕ, ನೀವು ಕೆಮಿಸ್ಟ್ರಿ ಓದಿದವರಲ್ವಾ? ಇವನಿಗೆ ಹಾಲಿನ ಪುಡಿ ಇದರಲ್ಲಿ ಕಲಸಬಹುದಾ?"

ನೆರೆಕರೆಯ ವಿಷಯಕ್ಕೆ ಬಾಯಿ ಹಾಕುವ ಅಭ್ಯಾಸ ನನಗಿಲ್ಲ. (ಮಣಿಪಾಲದ ಲ್ಯಾಬು, ಬಸ್ಸು, ಮನೆ, ಅಷ್ಟೇ.) ಆದರೆ ನೇರವಾಗಿ ಕೇಳಿದರೆ?

"ಬೇಡ" ಎಂದೆ.

ಓನರ್ ಕೆರಳಿದರು. "ಎಂತ ಬೇಡ? ವಾಸನೆ ಬರ್ತಾ ಉಂಟಲ್ವಾ? ಮದ್ದು ಕೆಲಸ ಮಾಡ್ತಾ ಉಂಟು ಅಂತಲೇ ಅರ್ಥ. ಓದಿದವರಿಗೆ ನೀರಲ್ಲಿಯೂ ವಿಷವೇ ಕಾಣುವುದು."

ಆ ಪುಡಿಯ ಕ್ಲೋರಿನ್ ಬೇಡ ಎಂದವರು ಯಾರು? ಮಳೆಗಾಲದ ಬಾವಿಗೆ ಅದು ಬೇಕೇ ಬೇಕು. ವಾಂತಿಭೇದಿಗಿಂತ ಕ್ಲೋರಿನ್ ಎಷ್ಟೋ ಮೇಲು. ನನ್ನ ತಕರಾರು ಎಲೆಗಳದ್ದು, ಅದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಕೊಳೆತ ಎಲೆಯ ರಸ ನೀರಿನಲ್ಲಿ ಕರಗಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗುತ್ತದೆ, ರೋಗಾಣುಗಳ ಪಾಲಿಗೆ ಎಷ್ಟು ಉಳಿಯಿತೋ ಗೊತ್ತಿಲ್ಲ. ಮೇಲಾಗಿ ಎರಡೂ ಕೂಡಿ ಕ್ಲೋರೋಫಾರ್ಮಿನಂತಹ ಹೊಸ ರಾಸಾಯನಿಕಗಳು ಹುಟ್ಟುತ್ತವೆ. ವರ್ಷಗಟ್ಟಲೆ ಕುಡಿಯಬಾರದಂಥವು. ರಸ ಹೆಚ್ಚಿದಷ್ಟೂ, ಪುಡಿ ಹೆಚ್ಚಿದಷ್ಟೂ ಅವೂ ಹೆಚ್ಚು. ಹಾಗಾದರೆ ಬಣ್ಣ ಹೋದದ್ದು? ಬಿಳಿ ಅಂಗಿಯ ಕಲೆ ಹೋದ ಹಾಗೆ. ಕಣ್ಣಿಗೆ ಕಾಣುತ್ತಿಲ್ಲ, ಅಷ್ಟೇ.

ಇದರಲ್ಲಿ ಅರ್ಥವಾಗದ್ದು ಏನಿದೆ? ಮೊದಲು ಎಲೆ ಮತ್ತು ಕೆಸರು ತೆಗೆಯಬೇಕು, ಆಮೇಲೆ ಅಳತೆಯಲ್ಲಿ ಪುಡಿ ಹಾಕಬೇಕು. ನಮ್ಮ ಕಡೆ ಮಳೆಗೆ ಮುಂಚೆ ಬಾವಿಗೆ ಇಳಿದು ಕೆಸರು ತೆಗೆಯುವ ಕ್ರಮ ಇದ್ದದ್ದೇ ಅದಕ್ಕೆ. ಈಗ ಕ್ರಮ ಹೋಗಿದೆ, ಪುಡಿ ಉಳಿದಿದೆ.

ಫಾತಿಮಾ ಬೇರೆ ನೀರು ತರಲು ಕೊಡಪಾನ ಹಿಡಿದು ಹೊರಟಳು. ಹೈವೇಯ ಆಚೆ ಅವಳ ಚಿಕ್ಕಮ್ಮನ ಮನೆಯಿದೆ. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಕೊಡಪಾನ, ದಾಟಬೇಕಾದ ಹೈವೇಯಲ್ಲಿ ನಿಲ್ಲದೆ ಓಡುವ ಬಸ್ಸುಗಳು.

"ಛೆ, ಈ ಚಂದದ ನೀರು ಬಿಟ್ಟು!" ಎಂದರು ಓನರ್.

ಅವಳು ತಿರುಗಿದಳು. "ಚಂದ ಉಂಟಲ್ವಾ ಸದಾನಂದಣ್ಣ? ಒಂದು ಲೋಟ ನೀವೇ ಕುಡಿದು ತೋರಿಸಿ ಮಾರಾಯ್ರೆ."

"ನಮಗೆ ಅಂಗಡಿಯಿಂದ ನೀರಿನ ಕ್ಯಾನ್ ಬರ್ತದೆ."

"ಹಾಗಾದ್ರೆ ಎಲೆಯಾದ್ರೂ ತೆಗೆಸಿ."

"ತೆಗೆಸುವಾ ಅಂದ್ರೆ ಆಳು ಸಿಗ್ಬೇಕಲ್ಲ?"

ಬಾವಿಗೆ ಇಳಿಯಲು ಆಳು ಸಿಗದ ಊರಿನಲ್ಲಿ ಇವರ ಕ್ಯಾನ್ ಹೊತ್ತು ತರಲು ಮಾತ್ರ ಆಳು ಹೇಗೆ ಸಿಗುತ್ತದೆ?