ನೂಲಿಗೆ ಒಂದು ಒತ್ರಿ

ನನ್ನ ದನಿ ಚೆನ್ನಾಗಿಲ್ಲ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸುವಾಗ ಗುರುಗಳು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, "ನೀ ಬರೇ ಬಾಯಿ ಆಡಸಪಾ" ಎನ್ನುತ್ತಿದ್ದರು. ಅಂಥ ದನಿಯನ್ನು ಇಳಕಲ್, ಹುನಗುಂದ, ಬಾದಾಮಿಯ ನೇಕಾರರು ನಾಲ್ಕು ವರ್ಷ ದಿನಾ ಬೆಳಿಗ್ಗೆ ಕೇಳಿದರು. ಅದರಲ್ಲಿ ನನ್ನ ಜಾಣತನಕ್ಕಿಂತ ಅವಸರದ ಪಾಲೇ ಹೆಚ್ಚು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಮ್ಮದು ಹುನಗುಂದದಲ್ಲಿ ನೇಕಾರರ ಮನೆ. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಬಾಗಲಕೋಟೆಯಲ್ಲಿ ನೇಕಾರರಿಗೆ ನೂಲು, ರೇಷ್ಮೆ ಒದಗಿಸುವ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದ್ದೆ. ಹಳೇ ಪೇಟೆಯಲ್ಲಿದ್ದ ಸಂಘದ ಕಚೇರಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ನವನಗರಕ್ಕೆ ಬಂದಿತ್ತು. ಮೊದಲು ಬಸ್ಸಿಳಿದು ಕಣ್ಣು ಮುಚ್ಚಿಕೊಂಡು ಬರುತ್ತಿದ್ದ ನೇಕಾರರು ಈಗ ಸೆಕ್ಟರ್ ನಂಬರು ಹುಡುಕುತ್ತ ಬಿಸಿಲಲ್ಲಿ ಅಲೆದು, ಕಡೆಗೆ ಕಚೇರಿ ಮುಟ್ಟಿ, "ನೂಲು ಇನ್ನೂ ಬಂದಿಲ್ಲ" ಎಂಬ ಮಾತು ಕೇಳಿ ತಿರುಗಿ ಹೋಗಬೇಕಾಗುತ್ತಿತ್ತು. ಫೋನ್ ಮಾಡಿದರೆ ಹತ್ತಿಕೊಳ್ಳುತ್ತಿರಲಿಲ್ಲ. ಇದ್ದ ಒಬ್ಬ ಗುಮಾಸ್ತರು ಫೋನ್ ಎತ್ತುತ್ತಿದ್ದರೆ ಎದುರಿಗೆ ನಿಂತವರು ಕಾಯಬೇಕು, ಎದುರಿಗಿದ್ದವರನ್ನು ನೋಡಿದರೆ ಫೋನ್ ಬಡಕೊಳ್ಳಬೇಕು.

ನಮ್ಮ ಮ್ಯಾನೇಜರು ಹೊಸದನ್ನು ಕಂಡರೆ ಸುಮ್ಮನೆ ಕೂರುವವರಲ್ಲ. ಒಮ್ಮೆ ಹುಬ್ಬಳ್ಳಿಯ ಒಂದು ದವಾಖಾನೆಗೆ ಫೋನ್ ಮಾಡಿದಾಗ ಮನುಷ್ಯರ ಬದಲು ಯಂತ್ರವೇ ಉತ್ತರ ಕೊಟ್ಟಿತಂತೆ. ಮರುದಿನ ನನ್ನನ್ನು ಕರೆದು, "ಅಂಥಾದ್ದು ನಮಗೂ ಬೇಕು. ನೋಡ್ಕೊಳ್ಳಾಂವ ನೀನಽ" ಅಂದರು.

ತಿಂಗಳೊಳಗೆ ಹುಬ್ಬಳ್ಳಿಯಿಂದ ಒಬ್ಬ ಎಂಜಿನಿಯರ್ ಫೋನಿಗೆ ಉತ್ತರ ಕೊಡುವ ಆ ಯಂತ್ರವನ್ನು, ಸರ್ವರ್ ಅಂತ ಅದರ ಹೆಸರು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಡಬ್ಬಿ ಬಿಚ್ಚಿ ಒಳಗೆ ಕಾರ್ಡು ಕೂರಿಸಿ, ನಾಲ್ಕು ಟೆಲಿಫೋನ್ ಲೈನುಗಳನ್ನು ಅದಕ್ಕೆ ಸಿಕ್ಕಿಸಿದ. ಇಳಕಲ್ ಮತ್ತು ಬಾದಾಮಿ ಶಾಖೆಗಳಿಗೆ ಮೊದಲೇ ಇದ್ದ ಕಂಪ್ಯೂಟರ್ ಲೈನಿನ ಮೇಲೆ ದನಿಯೂ ಓಡುತ್ತದೆ, ಮೂರು ಅಂಕಿ ಒತ್ತಿದರೆ ಸಾಕು ಅಲ್ಲಿ ಫೋನ್ ಹೊಡಕೊಳ್ಳುತ್ತದೆ ಎಂದು ವಿವರಿಸಿದ. ಆಮೇಲೆ ಸಿ.ಡಿ. ಹಾಕಿ ಸಾಫ್ಟ್‌ವೇರ್ ತುಂಬತೊಡಗಿದ. ಪರದೆಯ ಮೇಲಿನ ನೀಲಿ ಪಟ್ಟಿ ಕೊನೆಯ ತನಕ ಹೋಗಿ ನಿಂತುಬಿಟ್ಟಿತು. ಎರಡನೆಯ ಸಲವೂ ಹಾಗೇ ಆಯಿತು. ಊಟದ ಹೊತ್ತು ಮೀರಿದ ಮೇಲೆ ನನ್ನ ಕಣ್ಣಿಗೆ ಬಿತ್ತು, ಯಂತ್ರದೊಳಗಿನ ತಾರೀಖು ಐದು ವರ್ಷ ಹಿಂದಿತ್ತು. ಲೈಸೆನ್ಸ್ ಇನ್ನೂ ಹುಟ್ಟೇ ಇಲ್ಲವೆಂದು ಸಾಫ್ಟ್‌ವೇರ್ ತಿಳಿದಿತ್ತು. ತಾರೀಖು ತಿದ್ದಿದೆವು, ಪಟ್ಟಿ ತುಂಬಿತು. ಆತ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು, ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ನನ್ನ ಕೈಯಲ್ಲಿಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದ.

ನಾಲ್ಕನೆಯ ದಿನಕ್ಕೆ ನಾಲ್ಕೂ ಲೈನು ಬಿಜಿ ಬಂದವು. ಯಾರೂ ಮಾತಾಡುತ್ತಿರಲಿಲ್ಲ, ಆದರೂ ಬಿಜಿ. ನಾನು ಒಂದೊಂದೇ ಲೈನಿಗೆ ಕಿವಿಗೊಟ್ಟೆ. ಆ ಕಡೆಯವರು ಫೋನ್ ಇಟ್ಟ ಮೇಲೆ ನಮ್ಮ ಎಕ್ಸ್‌ಚೇಂಜು ಕೂಂ, ಕೂಂ ಎನ್ನುತ್ತದಲ್ಲ, ಅದನ್ನು ಸರ್ವರ್ ಯಾರೋ ಗಿರಾಕಿ ಮಾತಾಡುತ್ತಿದ್ದಾರೆಂದು ತಿಳಿದು ಭಕ್ತಿಯಿಂದ ಕೇಳುತ್ತ ಕೂತಿತ್ತು. ಪುಸ್ತಕ ತಿರುವಿ ತಿರುವಿ ಕಡೆಗೆ ಒಂದು ಪುಟ ಸಿಕ್ಕಿತು. ಗಡಿಯಾರ ಹಿಡಿದುಕೊಂಡು ಆ ಕೂಂ ಎಷ್ಟು ಹೊತ್ತು, ನಡುವಿನ ಸುಮ್ಮನಿರುವಿಕೆ ಎಷ್ಟು ಹೊತ್ತು ಎಂದು ಎಣಿಸಿ, ಆ ಅಂಕಿಗಳನ್ನು ಯಂತ್ರಕ್ಕೆ ತಿಳಿಸಿದೆ. ಅಂದಿನಿಂದ ಆ ಕಡೆಯವರು ಫೋನ್ ಇಟ್ಟದ್ದು ಅದಕ್ಕೆ ಗೊತ್ತಾಗತೊಡಗಿತು. ಅವತ್ತು ಮ್ಯಾನೇಜರು ಕಚೇರಿಗೆಲ್ಲ ತಿನ್ನಲು ಗಿರಮಿಟ್ ತರಿಸಿದರು.

ಇನ್ನು ದನಿಯ ಮಾತು. ಸರ್ವರಿನ ಜೊತೆ ಬಂದದ್ದು ಒಬ್ಬ ಇಂಗ್ಲಿಷ್ ಹೆಂಗಸಿನ ದನಿ. ಕನ್ನಡದಲ್ಲಿ ಮಾತಾಡಲು ಮ್ಯಾನೇಜರು ಕಾಲೇಜಿನ ಒಬ್ಬ ಅಧ್ಯಾಪಕಿಯನ್ನು ಕೇಳಿಕೊಂಡಿದ್ದರು. ಅವರು ಸೋಮವಾರ ಬರುವವರಿದ್ದರು. ಶುಕ್ರವಾರ ಪರೀಕ್ಷೆ ಮಾಡಲು ಏನಾದರೂ ದನಿ ಬೇಕಿತ್ತು. ನನಗೆ ನೆಗಡಿ. ಮ್ಯಾನೇಜರು ಬೆಳಿಗ್ಗೆಯಿಂದ ಏಳು ಸಲ "ಆತೇನೋ?" ಅಂದಿದ್ದರು. ರಿಸೀವರ್ ಎತ್ತಿ, ಬಾಯಿಗೆ ಬಂದದ್ದನ್ನು ಹೇಳಿದೆ:

"ನಮಸ್ಕಾರ್ರಿ. ನೂಲಿಂದು ಕೇಳಾಕ ಒಂದು ಒತ್ರಿ. ರೇಷ್ಮಿದು ಕೇಳಾಕ ಎರಡು ಒತ್ರಿ. ದೂರು ಇದ್ರ ಮೂರು ಒತ್ತಿ ಮಾತಾಡ್ರಿ. ಮನಷ್ಯಾರ ಕೂಡ ಮಾತಾಡಬೇಕಂದ್ರ ಸೊನ್ನಿ ಒತ್ರಿ."

ತಪ್ಪು ಒತ್ತಿದವರಿಗೆ ಅಥವಾ ಏನೂ ಒತ್ತದವರಿಗೆ: "ತಪ್ಪು ಒತ್ತೀರಿ. ಸಾವಕಾಶ ಕೇಳ್ರಿ." ಎರಡನೆಯ ಸಲವೂ ತಪ್ಪಿದರೆ: "ನಾ ಹೇಳೂದು ಕೇಳವಲ್ರಿ ನೀವು. ತಡೀರಿ, ಯಾರಿಗರ ಕೊಡ್ತೇನಿ." ಈ ಕೊನೆಯದರಲ್ಲಿ ನನ್ನದೊಂದು ನಿಟ್ಟುಸಿರೂ ಸೇರಿಕೊಂಡಿತ್ತು.

ಸೋಮವಾರ ಅಧ್ಯಾಪಕಿ ಬಂದರು. ಬಹಳ ಇಂಪಾದ ದನಿ. "ಸಂಘದ ದೂರವಾಣಿ ಸೇವೆಗೆ ಸುಸ್ವಾಗತ. ನೂಲಿನ ಲಭ್ಯತೆಯ ಮಾಹಿತಿಗಾಗಿ ದಯವಿಟ್ಟು ಒಂದನ್ನು ಒತ್ತಿ" ಎಂದು ಒಂದು ಅಕ್ಷರವೂ ಎಡವದೆ ಓದಿದರು. ಅದನ್ನು ಹಾಕಿದ ದಿನ ಫೋನ್ ಮಾಡಿದವರೆಲ್ಲ ದನಿ ಕೇಳುತ್ತಲೇ ಇಟ್ಟುಬಿಟ್ಟರು. ಸಂಜೆ ಅಮೀನಗಡದ ಒಬ್ಬ ಹಿರಿಯ ನೇಕಾರರು ಸೊನ್ನೆ ಒತ್ತಿ ಹೇಗೋ ಮ್ಯಾನೇಜರನ್ನು ಹಿಡಿದು, "ಸಾಹೇಬ್ರ, ನಿಮ್ ನಂಬರ್ ಬೆಂಗಳೂರಿಗೆ ಹತ್ತಾಕತ್ತೈತ್ರಿ" ಅಂದರು. ಮ್ಯಾನೇಜರು ನನ್ನ ಕಡೆ ತಿರುಗಿ, "ಆ ನಿನ್ನ ನೆಗಡಿದಽ ಹಾಕು" ಅಂದರು.

ಹೀಗೆ ಪರೀಕ್ಷೆಗೆಂದು ಹೇಳಿದ್ದು ಉಳಿಯಿತು. ಅದರ ಜೊತೆಗೆ ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಗೋದಾಮಿನ ಪಟ್ಟಿ ತರಿಸಿ, ಯಾವ ನಂಬರಿನ ನೂಲು ಬಂದಿದೆ, ಯಾವ್ಯಾವ ಬಣ್ಣ ಇದೆ ಎಂದು ನಾನೇ ಓದಿ ಯಂತ್ರದಲ್ಲಿ ಇಡುತ್ತಿದ್ದೆ. ಹೇಳಿ ಮುಗಿಸುವ ಹೊತ್ತಿಗೆ ಪೀಂ ಎಂದು ಸಣ್ಣ ಸದ್ದಾಗುತ್ತಿತ್ತು. ಜೋಪಾನವಾಗಿ ಇಟ್ಟುಕೊಂಡೆ ಎಂದು ಸರ್ವರ್ ಹೇಳುತ್ತಿದೆ ಅಂದುಕೊಂಡು ಖುಷಿಯಿಂದ ಫೋನ್ ಇಡುತ್ತಿದ್ದೆ. ಸುಮ್ಮನೆ ಬಂದು ಹೋಗುವವರು ಕಡಿಮೆಯಾದರು. ಗುಮಾಸ್ತರು ಚಹಾ ಬಿಸಿ ಇರುವಾಗಲೇ ಕುಡಿಯುವಂತಾಯಿತು.

ಆ ವರ್ಷವೇ ಮನೆಯಲ್ಲಿ ನನಗೆ ಹೆಣ್ಣು ನೋಡತೊಡಗಿದರು. ಇಳಕಲ್ಲಿನಿಂದ ಒಂದು ಸಂಬಂಧ ಬಂತು, ಅವರೂ ನೇಕಾರರೇ. ಒಂದು ರವಿವಾರ ನಾನು, ನಮ್ಮಪ್ಪ, ಬಾದಾಮಿಯ ಸೋದರಮಾವ ಮೂವರೂ ಹೊರಟೆವು. ಮಾವ ಬರುವ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡಿದ್ದರು.

ಇಳಕಲ್ಲಿನ ಆ ಮನೆಯಲ್ಲಿ ನಾವು ಹೋಗುತ್ತಲೇ ಮಗ್ಗದ ಸದ್ದು ನಿಂತಿತು. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಗೋಡೆಗೆ ಫೋನ್ ಇತ್ತು, ಅದರ ಕೆಳಗೆ ಹುಡುಗಿಯ ಅಜ್ಜಿ ಕೂತಿದ್ದರು. ಹುಡುಗಿಯ ತಂದೆ ನಮ್ಮಪ್ಪನನ್ನು, "ಹುಡುಗ ಎಲ್ಲಿರ್ತಾನ್ರಿ?" ಎಂದು ಕೇಳಿದರು. ಅಪ್ಪ ನೀರು ಕುಡಿಯುತ್ತಿದ್ದುದರಿಂದ ನಾನೇ ಹೇಳಿದೆ:

"ಬಾಗಲಕೋಟಿಯಾಗ್ರಿ. ನವನಗರದಾಗ."

ಅಜ್ಜಿ ತಲೆ ಎತ್ತಿದರು. "ಇನ್ನೊಮ್ಮಿ ಅನ್ನು."

"ನವನಗರದಾಗ್ರಿ."

"ಅದಲ್ಲ. ಒಂದು ಒತ್ರಿ ಅನ್ನು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ, "ನೂಲಿಂದು ಕೇಳಾಕ ಒಂದು ಒತ್ರಿ" ಅಂದೆ.

"ಇವನಽ" ಎಂದು ಅಜ್ಜಿ ಮಗನ ತೋಳು ಹಿಡಿದರು. "ಮೂರು ತಿಂಗಳಾತು, ನನಗ ಬೈಯಾಕತ್ತಾಂವ ಇವನಽ."

"ನಾ ಬೈದಿಲ್ರಿ."

"ಊಟ ಆತೇನಪಾ ಅಂದೆ. ತಪ್ಪು ಒತ್ತೀರಿ ಅಂದಿ. ಯಾವೂರಪಾ ನಿಂದು ಅಂದೆ. ನಾ ಹೇಳೂದು ಕೇಳವಲ್ರಿ ಅಂದಿ. ಹಿರ್ಯಾಳ ಕೂಡ ಹಿಂಗ ಮಾತಾಡ್ತಾರೇನು?"

ಒಳಗಿನ ಬಾಗಿಲ ಹಿಂದೆ ಯಾರೋ ನಗುವನ್ನು ತಡೆದುಕೊಳ್ಳಲಾರದೆ ಕೆಮ್ಮಿದರು. ನಮ್ಮಪ್ಪ ನನ್ನ ಕಿವಿಯ ಹತ್ತಿರ ಬಂದು, "ಕಂಪ್ಯೂಟರ್ ಕೆಲಸ ಅಂದಿದ್ದೆಲ್ಲೋ?" ಅಂದ. ಅದು ಯಂತ್ರ, ಒಮ್ಮೆ ಹೇಳಿದ್ದನ್ನೇ ಹೇಳುತ್ತದೆ, ಅದಕ್ಕೆ ಕಿವಿಯಿಲ್ಲ ಎಂದು ನಾನು ಬೆವರುತ್ತ ವಿವರಿಸಿದೆ. ಅಜ್ಜಿ ಅದನ್ನೆಲ್ಲ ಕೇಳಿ, "ಇರ್ಲಿ, ಈಗರ ಹೇಳು. ಊಟ ಆಗೇತೇನು?" ಅಂದರು.

ಹುಡುಗಿ ಉಪ್ಪಿಟ್ಟು ತಂದಳು. ಅವಳ ಕಣ್ಣಲ್ಲಿ ಇನ್ನೂ ನಗು ಇತ್ತು. ಕೆಮ್ಮಿದ್ದು ಅವಳೇ ಎಂದು ತಿಳಿಯಿತು. ಮಾವ, "ಏನರ ಕೇಳೂದಿದ್ರ ಕೇಳಪಾ" ಅಂದರು. ನಾನು ಉಪ್ಪಿಟ್ಟಿನ ತಾಟು ಎತ್ತಿಕೊಂಡೆ. ಆಗ ಅವಳೇ ಕೇಳಿದಳು:

"ಬಣ್ಣದ ಹೆಸರು ಕಡೀಕ ಯಾಕ ಹೇಳ್ತೀರಿ?"

"ಪಟ್ಟಿಯೊಳಗ ಹಂಗಽ ಇರ್ತೈತ್ರಿ."

"ಕಡೀದು ಕೇಳಸೂದಽ ಇಲ್ರಿ. 'ದಾಳಿಂ' ಅಂತೀರಿ, ಕಟ್ ಆಗತೈತಿ. ಒಮ್ಮಿ ದಾಳಿಂಬಿ ಕೆಂಪು ಬಂದೈತಿ ಅಂತ ತಿಳಕೊಂಡು ನಮ್ಮಪ್ಪ ಬಸ್ ಹತ್ತಿ ಬಂದ್ರು. ಅಲ್ಲಿ ನೋಡಿದ್ರ, ದಾಳಿಂಬಿ ಮುಂದಿನ ವಾರ ಅಂತ ಹೇಳೀರಂತ."

ಹೊರಗಿನ ಫೋನಿನಿಂದ ನನ್ನ ಮಾತನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೇ, ನನ್ನ ಪಟ್ಟಿಯನ್ನು ಕೊನೆಯ ಅರ್ಧ ಅಕ್ಷರದ ತನಕ ಕೇಳುವವರು ಇದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದೆ. "ನಾಳೆ ನೋಡ್ತೇನ್ರಿ" ಅಂದೆ. ಹೆಣ್ಣು ನೋಡಲು ಹೋಗಿ ನಾನು ಅವಳಿಗೆ ಕೊಟ್ಟ ಮಾತು ಅದೊಂದೇ.

ಸೋಮವಾರ ಎಂಟಕ್ಕೇ ಕಚೇರಿಗೆ ಹೋಗಿ ಪುಸ್ತಕ ಹಿಡಿದು ಕೂತೆ. ಒಂದು ಸಂದೇಶ ಎಷ್ಟು ಉದ್ದ ಇರಬಹುದು ಎಂಬುದಕ್ಕೆ ಒಂದು ಮಿತಿ ಇತ್ತು, ಅರವತ್ತು ಸೆಕೆಂಡು. ನಾನು ಇಷ್ಟು ದಿನ ಜೋಪಾನದ ಗುರುತು ಅಂದುಕೊಂಡಿದ್ದ ಆ ಪೀಂ, ನಿನ್ನ ಹೊತ್ತು ಮುಗಿಯಿತು ಎಂಬ ಎಚ್ಚರಿಕೆಯಾಗಿತ್ತು. ಮಿತಿಯನ್ನು ಎರಡು ನಿಮಿಷ ಮಾಡಿದೆ. ಪಟ್ಟಿಯನ್ನು ತಿರುವಿ ಬಣ್ಣಗಳನ್ನು ಮೊದಲು ಓದಿದೆ: ದಾಳಿಂಬೆ ಕೆಂಪು, ಗಿಳಿ ಹಸಿರು, ನವಿಲು ಬಣ್ಣ. ಆಮೇಲೆ ಬಸ್‌ ಸ್ಟ್ಯಾಂಡಿನ ಹತ್ತಿರದ ಎಸ್.ಟಿ.ಡಿ. ಬೂತಿಗೆ ನಡೆದು ಹೋಗಿ, ನಮ್ಮದೇ ನಂಬರಿಗೆ ಫೋನ್ ಮಾಡಿ, ಒಂದು ಒತ್ತಿ, ಕೊನೆಯ ತನಕ ಕೇಳಿದೆ.

ನಮ್ಮ ಮ್ಯಾನೇಜರಿಗೆ ಬೆಳಿಗ್ಗೆ ಮೂರು ಒತ್ತಿದವರ ಮಾತು ಬಂದು ಕೂರುವ ದೂರಿನ ಡಬ್ಬಿಯ ಸಂದೇಶಗಳನ್ನು ಸ್ಪೀಕರಿನಲ್ಲಿ ಹಾಕಿ ಇಡೀ ಕಚೇರಿಗೆ ಕೇಳಿಸುವ ರೂಢಿ. ಮಂಗಳವಾರ ಎರಡು ದೂರುಗಳಾದ ಮೇಲೆ ಒಂದು ಹೆಣ್ಣುದನಿ ಬಂತು: "ದಾಳಿಂಬಿ ಪೂರಾ ಕೇಳಸ್ತು." ಅಷ್ಟೇ, ಫೋನ್ ಇಟ್ಟ ಸದ್ದು.

"ಇದು ದೂರು ಅಲ್ಲಲ್ಲೋ. ಯಾರಿದು?" ಎಂದರು ಮ್ಯಾನೇಜರು.

"ಇಳಕಲ್ಲಿನವ್ರ ಇರಬೇಕ್ರಿ" ಅಂದೆ. ನನ್ನ ಮುಖ ನೋಡಿ ಗುಮಾಸ್ತರು ಎದ್ದು ಬಂದು, ಆ ಸಂದೇಶವನ್ನು ಇನ್ನೆರಡು ಸಲ ಹಾಕಿಸಿದರು.

ಹಿರಿಯರ ಕಡೆಯಿಂದ ಒಪ್ಪಿಗೆ ಬರಲು ಎಂಟು ದಿನ ಹಿಡಿಯಿತು. ಅದೂ ಮಧ್ಯಸ್ಥರಿಂದ ಬರಲಿಲ್ಲ. ಅಜ್ಜಿ ಕಡೆಗೂ ಸೊನ್ನೆ ಒತ್ತುವುದನ್ನು ಕಲಿತು, ಫೋನಿನಲ್ಲಿ ಸಿಕ್ಕ ಗುಮಾಸ್ತರಿಗೆ, "ಒಂದು ಒತ್ರಿ ಅನ್ನಾಂವಗ ಹೇಳ್ರಿ, ನಮ್ಮ ಕಡಿಂದ ಹೂಂ ಅಂತ" ಅಂದರು. ನಮ್ಮಪ್ಪನಿಗೆ ಸುದ್ದಿ ಮುಟ್ಟುವ ಮೊದಲೇ ಸಂಘದ ಮೂರೂ ಕಚೇರಿಗಳಿಗೆ ಗೊತ್ತಾಗಿತ್ತು.

ಲಗ್ನಕ್ಕೆ ಮೂರು ದಿನ ರಜೆ ಹಾಕಿದೆ. ಹೊರಡುವ ಬೆಳಿಗ್ಗೆ ಅವಸರದಲ್ಲಿ ಪಟ್ಟಿ ಓದಿ, ಕೊನೆಗೆ ಸೇರಿಸಿದೆ: "ಮೂರು ದಿನ ನಾ ಇರೂದಿಲ್ರಿ. ನಾಳೆ ಇಳಕಲ್ಲಾಗ ನನ್ನ ಲಗ್ನ ಐತಿ. ಎಲ್ಲಾರೂ ಬರ್ರಿ." ನೂಲು ಒಯ್ಯಲು ಸಂಘಕ್ಕೆ ಬರ್ರಿ ಎಂಬುದು ನನ್ನ ಮನಸ್ಸಿನಲ್ಲಿದ್ದ ಮಾತು.

ಅಕ್ಕಿಕಾಳು ಬೀಳುವ ಹೊತ್ತಿಗೆ ಹಂದರದ ಹೊರಗೆ ಜನ ನಿಂತಿದ್ದರು. ಬಾದಾಮಿಯವರು, ಗುಡೂರಿನವರು, ಹುನಗುಂದದ ಬೇರೆ ಓಣಿಯವರು. ಒಬ್ಬರನ್ನೂ ನಾನು ನೋಡಿರಲಿಲ್ಲ. ಹುಡುಗಿಯ ತಂದೆ ಅವರು ಯಾರ ಕಡೆಯವರೆಂದು ತಿಳಿಯದೆ ನನ್ನನ್ನು ನೋಡಿದರು. ಗುಡೂರಿನ ಒಬ್ಬರು ಮುಂದೆ ಬಂದು, "ನೀವಽ ಹೇಳೀರಲ್ರಿ, ಎಲ್ಲಾರೂ ಬರ್ರಿ ಅಂತ. ಮತ್ತ ಬಂದೀವಿ" ಎಂದು ಕೈಮುಗಿದರು. ಅವರ ಜೊತೆಗಿದ್ದವರು ತಲೆಯಾಡಿಸಿ, "ಖರೆ, ದನಿ ಅದಽ" ಅಂದರು.

ಅಡಿಗೆಯವರು ಕೈಚೆಲ್ಲಿದರು. ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. ಓಣಿಯ ನಾಲ್ಕು ಮನೆಗಳಿಗೆ ಹೇಳಿ ಕಳಿಸಿ, ಇನ್ನೆರಡು ಒಲೆ ಹೂಡಿಸಿದರು. ಪಕ್ಕದ ಮನೆಗಳಿಂದ ರೊಟ್ಟಿ, ಶೇಂಗಾ ಚಟ್ನಿ ಬುಟ್ಟಿಗಟ್ಟಲೆ ಬಂದವು. ಸಂಜೆ ನಾಲ್ಕರ ತನಕ ಪಂಕ್ತಿ ನಡೆಯಿತು. ಬಂದವರಲ್ಲಿ ಅರ್ಧ ಜನ ನೂಲಿನ ಬಗ್ಗೆಯೇ ಕೇಳಿದರು, ನಾನು ಬಾಸಿಂಗ ಕಟ್ಟಿಕೊಂಡೇ ಹೇಳಿದೆ.

ರಜೆ ಮುಗಿದ ದಿನ ಇಬ್ಬರೂ ನವನಗರಕ್ಕೆ ಬಂದೆವು. ಮನೆಗೆ ಹೋಗುವ ಮೊದಲು ಅವಳು ಆ ಯಂತ್ರ ನೋಡಬೇಕೆಂದಳು. ಅದು ಬಿಳಿ ಡಬ್ಬಿ, ಹಿಂದೆ ನಾಲ್ಕು ವೈರು. "ಇಷ್ಟಽ?" ಅಂದಳು. ದೂರಿನ ಡಬ್ಬಿ ಭರ್ತಿಯಾಗಿತ್ತು. ಲಗ್ನಕ್ಕೆ ಬರಲಾಗದವರು ಮೂರು ಒತ್ತಿ ಹರಸಿದ್ದರು. ಕೆಲವರು ತಮ್ಮ ಊರು ಹೇಳಿದ್ದರು, ಕೆಲವರು ನೆಗಡಿಗೆ ಏನು ಕುಡಿಯಬೇಕೆಂದು ಹೇಳಿದ್ದರು, ಒಬ್ಬರು ಹರಸಿದ ಮೇಲೆ ರೇಷ್ಮೆ ತೂಕದಲ್ಲಿ ಕಡಿಮೆ ಬಂದಿದೆ ಎಂದು ಬೈದಿದ್ದರು. ರಿಸೀವರನ್ನು ನಡುವೆ ಹಿಡಿದು, ತಲೆಗೆ ತಲೆ ತಾಗಿಸಿ, ಮಧ್ಯಾಹ್ನ ಪೂರ್ತಿ ಕೇಳಿದೆವು. ಅವನ್ನು ಅಳಿಸದಿದ್ದರೆ ಮರುದಿನದವರಿಗೆ ಜಾಗ ಇರುತ್ತಿರಲಿಲ್ಲ. ಯಾವ ಗುಂಡಿ ಎಂದು ಕೇಳಿ, ಒಂದೊಂದು ಮುಗಿದಂತೆ ಅವಳೇ ಒತ್ತುತ್ತ ಹೋದಳು. ರೇಷ್ಮೆಯದನ್ನು ಮಾತ್ರ ಬಿಟ್ಟು, "ಇದನ್ನ ನೋಡ್ರಿ ಮೊದ್ಲ" ಅಂದಳು.