ಮಂಕಿಕ್ಯಾಪ್ ಅತ್ತೆ ಮತ್ತು ನನ್ನ ಎದುರು ಬಾಜಿ

ಹೊರಗೆ ನಲವತ್ತೆರಡು ಡಿಗ್ರಿ. ಕಾರಿನ ಬಾಗಿಲು ಮುಟ್ಟಿದರೆ ಬೆರಳು ಚುರುಗುಟ್ಟುವ ಬಿಸಿಲು. ಅಂಥ ಹೊತ್ತಿನಲ್ಲಿ ಅಬುಧಾಬಿಯ ಒಂದು ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಅತ್ತೆ ಕಾರಿನಿಂದ ಇಳಿದರು. ಮೈಗೆ ಸ್ವೆಟರ್, ಅದರ ಮೇಲೊಂದು ಶಾಲು, ತಲೆಗೆ ಮಂಕಿಕ್ಯಾಪ್.

ಸೆಕ್ಯುರಿಟಿಯವನು ಅವರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆಂಬ್ಯುಲೆನ್ಸ್ ಕರೆಯಬೇಕೇ ಎಂದು ಅವನ ಕಣ್ಣು ಕೇಳುತ್ತಿತ್ತು.

"ಐಸ್ ಹಾಕಿ ಮ್ಯಾಚ್" ಎಂದೆ. ಪಾಪ, ಅವನಿಗೆ ಸಮಾಧಾನವಾಯಿತು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಕಾರ್ಕಳದ ಕಡೆಯವರು. ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆಂದು ಬಂದಿದ್ದಾರೆ. ಬದರಿ ಯಾತ್ರೆಗೆಂದು ಕೊಂಡಿದ್ದ ಮಂಕಿಕ್ಯಾಪನ್ನು ಉಪ್ಪಿನಕಾಯಿಯ ಬಾಟಲಿಗೆ ಸುತ್ತಿ ತಂದಿದ್ದರು. ಮರುಭೂಮಿಗೆ ಇದು ಯಾಕೆ ಎಂದು ನಾವು ನಕ್ಕಿದ್ದೆವು. "ನಿಮ್ಮ ಮನೆಯ ಎಸಿಗೆ" ಎಂದಿದ್ದರು. ಮೊಮ್ಮಗಳ ಮ್ಯಾಚಿಗೂ ಅದು ಒದಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮೊಮ್ಮಗಳು ಅಂದರೆ ನನ್ನ ಮಗಳು ಅನ್ವಿ. ಹದಿಮೂರು ವರ್ಷ. ಐಸ್ ಹಾಕಿಯಲ್ಲಿ ಗೋಲಿ. (ನಮ್ಮ ವಂಶದಲ್ಲಿ ಮೀನಿನ ಪೆಟ್ಟಿಗೆಯ ಹೊರಗೆ ಐಸ್ ಕಂಡವರೇ ಇಲ್ಲ. ಇವಳು ಅದರ ಮೇಲೆ ನಿಂತು ಗೋಲ್ ಕಾಯುತ್ತಾಳೆ.) ಎರಡು ವರ್ಷದ ಹಿಂದೆ ಗೆಳತಿಯ ಬರ್ತ್‌ಡೇ ಪಾರ್ಟಿಗೆಂದು ಐಸ್ ರಿಂಕಿಗೆ ಹೋದವಳು ಮನೆಗೆ ಬಂದು, "Dad, I found my thing" ಎಂದಳು. ಅವಳ thing ಯಾವುದು ಎಂದು ತಿಳಿಯಲು ನಮಗೆ ಒಂದು ವಾರ ಬೇಕಾಯಿತು.

ಮಗಳ ಆಟ ಅರ್ಥವಾಗದ ಅಪ್ಪ ಆಗಬಾರದು ಎಂದು ನಾನು ಪಣ ತೊಟ್ಟೆ. ರಿಂಕಿನ ಗ್ಯಾಲರಿಯಲ್ಲಿ ನನ್ನ ಪಕ್ಕ ಕೂರುವ ಕೆನಡಾದ ಅಪ್ಪಂದಿರು ಏನೇನೋ ಮಾತಾಡುತ್ತಾರೆ, ನಾನು ಕೋಲೆ ಬಸವನ ಹಾಗೆ ತಲೆ ಆಡಿಸುತ್ತೇನೆ. ಎಷ್ಟು ದಿನ ಇದು? ಮೊಬೈಲು ಹಿಡಿದು ಕೂತೆ. ಹಾಕಿಯ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದೆ.

ಚೆಂಡಿನ ಬದಲು ಇಲ್ಲಿರುವ ಕಪ್ಪು ಬಿಲ್ಲೆಗೆ ಪಕ್ ಎಂದು ಹೆಸರು. ಅದನ್ನು ಪ್ರೀತಿಯಿಂದ ಬಿಸ್ಕೆಟ್ ಎನ್ನುತ್ತಾರೆ. ಗೋಲಿಯ ಎರಡು ಕಾಲುಗಳ ನಡುವಿನ ಸಂದಿಗೆ ಫೈವ್ ಹೋಲ್. ಎದುರಾಳಿಯನ್ನು ಕಿಚಾಯಿಸುವುದಕ್ಕೆ ಚರ್ಪಿಂಗ್. ತಪ್ಪು ಮಾಡಿದ ಆಟಗಾರ ಎರಡು ನಿಮಿಷ ಒಂಟಿಯಾಗಿ ಕೂರಬೇಕಾದ ಗೂಡಿಗೆ ಸಿನ್ ಬಿನ್. ಎಷ್ಟು ಚಂದದ ಭಾಷೆ ನೋಡಿ. ಆಫೀಸಿನಲ್ಲಿ, ಅಲ್ ರೀಮ್ ಐಲ್ಯಾಂಡಿನ ಇಪ್ಪತ್ತನೆಯ ಮಹಡಿಯಲ್ಲಿ, ಮೀಟಿಂಗಿಗೆ ತಡವಾಗಿ ಬಂದ ಸಹೋದ್ಯೋಗಿಗೆ "ಸಿನ್ ಬಿನ್ನಿಗೆ ಹೋಗು" ಎಂದು ಬಿಟ್ಟೆ. ಅವನು ಎಚ್.ಆರ್. ವಿಭಾಗದ ಕಡೆ ಹೊರಟುಹೋದ.

ಆದರೆ ಮೊಬೈಲ್ ಎಂಬುದು ಕೇಳಿದ್ದನ್ನಷ್ಟೇ ಕೊಟ್ಟು ಸುಮ್ಮನಿರುವ ಪ್ರಾಣಿಯೇ? ಹಾಕಿಯ ಪದ ಹುಡುಕಿದವನಿಗೆ ಅದು ಬಾಜಿಯ ಪದಗಳನ್ನೂ ತಂದು ಸುರಿಯಿತು. ಗೆಲ್ಲುವುದು ಖಂಡಿತ ಎನಿಸಿಕೊಂಡ ತಂಡ ಫೇವರಿಟ್. ಸೋಲುವುದು ಖಂಡಿತ ಎನಿಸಿಕೊಂಡದ್ದು ಅಂಡರ್‌ಡಾಗ್. ತಪ್ಪುವ ಸಾಧ್ಯತೆಯೇ ಇಲ್ಲದ ಬಾಜಿ ಲಾಕ್. ಇವೆಲ್ಲದರಲ್ಲಿ ನನ್ನ ಮನಸ್ಸು ಕದ್ದ ಪದ ಒಂದೇ. ಹೆಡ್ಜ್. ನಮಗೆ ಬೇಕಾದದ್ದು ಆಗದೇ ಹೋದರೂ ಕೈಗೆ ಏನಾದರೂ ದಕ್ಕಲಿ ಎಂದು ಎದುರು ಪಕ್ಷದ ಮೇಲೂ ಬಾಜಿ ಕಟ್ಟುವ ಜಾಣತನ. ಇಷ್ಟು ವರ್ಷ ಈ ಪದ ಇಲ್ಲದೆ ಹೇಗೆ ಬದುಕಿದೆ ಎಂದು ನನಗೇ ಆಶ್ಚರ್ಯವಾಯಿತು.

ಇನ್ನು ನಮ್ಮ ಕಾರ್‌ಪೂಲ್ ವಿಷಯ. ನಾವಿರುವುದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಮೂರು ಮನೆ, ನಾಲ್ಕು ಮಕ್ಕಳು, ಒಂದೇ ಶಾಲೆ. ವಾರಕ್ಕೊಬ್ಬ ಅಪ್ಪ ಸರದಿಯಂತೆ ಡ್ರಾಪ್ ಮಾಡಬೇಕು. ನಾನೊಬ್ಬ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಬಂಟ್ವಾಳದ ಹಮೀದ್ ಇನ್ನೊಬ್ಬರು. ಮೂರನೆಯವರು ಮಡಿಕೇರಿಯ ಪೂಣಚ್ಚ. ಪೂಣಚ್ಚನ ಮನೆತನದಲ್ಲಿ ಮಗು ನಡೆಯಲು ಕಲಿಯುವ ಮೊದಲೇ ಹಾಕಿ ಸ್ಟಿಕ್ ಹಿಡಿಯುತ್ತದಂತೆ. ಮಂಜುಗಡ್ಡೆಯ ಮೇಲೆ ಆಡುವುದು ಹಾಕಿಯೇ ಅಲ್ಲ ಎಂದು ಅವರು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲವೂ ಅನ್ವಿಯ ಮ್ಯಾಚಿಗೆ ನನಗಿಂತ ಮುಂಚೆ ಬಂದು ಕೂತಿರುತ್ತಾರೆ.

ಫೈನಲ್ಲಿಗೆ ನಾಲ್ಕು ದಿನ ಇತ್ತು. ಅನ್ವಿಯದು ಕೆಂಪು ಜೆರ್ಸಿ. ಎದುರಿಗೆ ದುಬೈಯ ಬಿಳಿ ಜೆರ್ಸಿಯ ತಂಡ. ಆ ಮಕ್ಕಳನ್ನು ನೀವು ನೋಡಬೇಕು. ಹದಿಮೂರಕ್ಕೇ ಬಾಗಿಲ ಚೌಕಟ್ಟಿಗೆ ತಲೆ ತಾಗುವ ಎತ್ತರ. ಕೆಳಗೆ ಕಾರಿನ ಬಳಿ ನಿಂತು ನಾನು ಹೊಸ ಭಾಷೆಯಲ್ಲಿ ಉಪನ್ಯಾಸ ಕೊಟ್ಟೆ. "ಬಿಳಿಯವರು ಕ್ಲಿಯರ್ ಫೇವರಿಟ್. ನಮ್ಮವರು ಅಂಡರ್‌ಡಾಗ್. ಬಿಳಿ ಈಸ್ ಎ ಲಾಕ್."

"ಎಂತ ಲಾಕ್" ಎಂದರು ಪೂಣಚ್ಚ. "ಅನ್ವಿ ಗೋಲ್‌ನಲ್ಲಿ ಇದ್ದಾಳೆ. ಕೆಂಪು ಗೆಲ್ತದೆ."

"ಬಾಜಿ?"

"ಬಾಜಿ."

ಹಮೀದ್ ಎರಡು ಹೆಜ್ಜೆ ಹಿಂದೆ ಸರಿದರು. "ಬಾಜಿ ನಮಗೆ ಹರಾಂ. ನಾನಿಲ್ಲ ಇದರಲ್ಲಿ."

"ದುಡ್ಡಿಲ್ಲ ಹಮೀದ್, ಬರೀ ಡ್ರಾಪ್ ಡ್ಯೂಟಿ. ಸೋತವನು ಬೇಸಿಗೆ ರಜೆಯವರೆಗೆ ಗೆದ್ದವನ ವಾರವನ್ನೂ ಓಡಿಸಬೇಕು, ಅಷ್ಟೇ." (ಈ ದೇಶದ ಪೊಲೀಸರಿಗೆ ಕನ್ನಡ ಬರುವುದಾದರೆ ದಯವಿಟ್ಟು ಗಮನಿಸಿ, ಒಂದು ದಿರ್ಹಮ್ ಕೂಡ ಕೈ ಬದಲಾಗಿಲ್ಲ.)

"ದುಡ್ಡಿಲ್ಲದಿದ್ರೂ ಮನಸ್ಸು ಬಾಜಿಯದ್ದೇ ಅಲ್ವಾ ಮಾರಾಯ್ರೆ" ಎಂದರು ಹಮೀದ್. "ಡ್ಯೂಟಿ ಲಿಸ್ಟ್ ಬೇಕಾದ್ರೆ ಬರೆದು ಕೊಡ್ತೇನೆ. ಮತ್ತೆ ನನ್ನನ್ನು ಎಳೀಬೇಡಿ."

ಹೀಗೆ ಹೊರಗಿನವರಾದ ಪೂಣಚ್ಚ ನನ್ನ ಮಗಳ ಪರವಾಗಿ ಬಾಜಿ ಕಟ್ಟಿದರು. ಅವಳ ಅಪ್ಪನಾದ ನಾನು ಅವಳ ಎದುರು ಕಟ್ಟಿದೆ. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಎಂಥ ಖುಷಿ ಗೊತ್ತೇ? ಮಗಳು ಗೆದ್ದರೆ ಕಪ್ ಮನೆಗೆ. ಸೋತರೆ ನನಗೆ ಬೆಳಗಿನ ನಿದ್ದೆ. ಎರಡೂ ಕಡೆ ಲಾಭ. ಇದಲ್ಲವೇ ಹೆಡ್ಜ್?

ಶನಿವಾರ ಬೆಳಗ್ಗೆ ಮ್ಯಾಚ್. ಹೆಂಡತಿಗೆ ಡ್ಯೂಟಿ ಇತ್ತು, ಹಾಗಾಗಿ ಗ್ಯಾಲರಿಯಲ್ಲಿ ಸಾಲಾಗಿ ನಾನು, ಅತ್ತೆ, ಪೂಣಚ್ಚ, ಹಮೀದ್. ಅತ್ತೆಗೆ ಆಟದ ನಿಯಮ ಒಂದೂ ಗೊತ್ತಿಲ್ಲ. ಆದರೆ ಕೂತ ಎರಡೇ ನಿಮಿಷದಲ್ಲಿ ಅವರು ಮನೆಗೆ ಬಂದಷ್ಟು ಆರಾಮವಾಗಿದ್ದರು. ಸುತ್ತಲೂ ಜನ, ನಡುವೆ ಒಂದು ಕಣ, ಎರಡು ಬಣ್ಣ, ಬೊಬ್ಬೆ.

"ಇದು ನಮ್ಮ ಕೋಳಿ ಅಂಕವೇ" ಎಂದರು.

ಹೊರಗಿನವರಿಗೆ ಹೇಳಬೇಕು. ನಮ್ಮ ತುಳುನಾಡಿನಲ್ಲಿ ಕೋಳಿಗಳನ್ನು ಕಾದಾಡಿಸುವ ಅಂಕಗಳಿದ್ದವು. (ಕಾನೂನು ಈಗ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಅತ್ತೆಯನ್ನು ಮಾತ್ರ ಯಾರೂ ಕೇಳಿಲ್ಲ.) ಹುಡುಗಿಯಾಗಿದ್ದಾಗ ಅತ್ತೆ ಅಂಕದ ಅಂಚಿನಲ್ಲಿ ಕೂತು ಗೋಳಿಬಜೆ ಮಾರಿದವರು. ಯಾವ ವಾರ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳುವ ಪಂಚಾಂಗವೇ ಅಲ್ಲಿತ್ತು. ಬೊಳ್ಳೆ ಎಂದರೆ ಬಿಳಿ ಕೋಳಿ, ಕೆಮ್ಮೈರೆ ಎಂದರೆ ಕೆಂಪು. "ಇವತ್ತು ಕೆಮ್ಮೈರೆಯ ದಿನ" ಎಂದು ಅತ್ತೆ ಘೋಷಿಸಿದರು. ಪೂಣಚ್ಚ ಅವರಿಗೆ ಕೈ ಮುಗಿದರು. ನನಗೆ ಸ್ವಲ್ಪ ಬೆವರಿತು, ಆ ಚಳಿಯಲ್ಲೂ.

ಆಟ ಶುರುವಾಯಿತು. ಬಿಳಿಯವರು ಮುನ್ನುಗ್ಗಿದರು. ಐದನೆಯ ನಿಮಿಷಕ್ಕೆ ಒಬ್ಬ ಉದ್ದನೆಯ ಹುಡುಗ ಒಂಟಿಯಾಗಿ ಪಕ್ ತಳ್ಳಿಕೊಂಡು ಬಂದ. ಅನ್ವಿಯ ಮುಂದೆ ಯಾರೂ ಇಲ್ಲ. ಅವನು ಬೀಸಿದ. ಇವಳು ಎಡಗೈಯ ಗ್ಲೌಸ್ ಚಾಚಿ ಬಿಸ್ಕೆಟನ್ನು ಗಾಳಿಯಲ್ಲೇ ಹಿಡಿದಳು. ಇಡೀ ಗ್ಯಾಲರಿ ಎದ್ದು ನಿಂತಿತು.

ನನ್ನ ಬಾಯಿಂದ ಬಂದದ್ದು "ಛೆ".

ಮೆಲ್ಲಗೆ ಬಂತು. ಯಾರಿಗೂ ಕೇಳಲಿಲ್ಲ ಎಂದುಕೊಂಡೆ. ಆದರೆ ಪಕ್ಕದ ಮಂಕಿಕ್ಯಾಪ್ ನಿಧಾನವಾಗಿ ನನ್ನ ಕಡೆ ತಿರುಗಿತು. ಅದರೊಳಗೆ ಎರಡು ಕಣ್ಣು, ಒಂದು ಮೂಗುತಿ.

"ನೀವು ಎದುರು ಕಟ್ಟಿದ್ದೀರಿ" ಎಂದರು ಅತ್ತೆ.

"ಏನು?"

"ಬಾಜಿ. ನನ್ನ ಹತ್ತಿರ ಸುಳ್ಳು ಹೇಳ್ಬೇಡಿ. ಅಂಕದಲ್ಲಿ ಕೋಳಿಯನ್ನು ನೋಡುವವನಿಗೆ ಏನೂ ತಿಳಿಯುವುದಿಲ್ಲ. ಮುಖ ನೋಡ್ಬೇಕು. ಯಾರು ಯಾವುದರ ಮೇಲೆ ಕಟ್ಟಿದ್ದಾರೆ ಅಂತ ಮುಖವೇ ಹೇಳ್ತದೆ. ನಾನು ಯಾರಿಗೆ ಗೋಳಿಬಜೆ ಸಾಲ ಕೊಡ್ಬೇಕು ಅಂತ ಹಾಗೇ ತಿಳ್ಕೊಳ್ತಿದ್ದದ್ದು."

ನಾನು ಹೆಡ್ಜ್ ಎಂದರೆ ಏನು ಎಂದು ವಿವರಿಸಲು ಹೊರಟೆ. ಎರಡೂ ಕಡೆ ಲಾಭ ಎಂದೆ. ಅವರು ಪೂರ್ತಿ ಕೇಳಿದರು. ಆಮೇಲೆ ಶಾಲು ಸರಿ ಮಾಡಿಕೊಂಡರು.

"ಅಷ್ಟು ವರ್ಷ ಅಂಕ ನೋಡಿದ್ದೇನೆ. ಕುಡುಕರನ್ನು ನೋಡಿದ್ದೇನೆ, ಕಳ್ಳರನ್ನು ನೋಡಿದ್ದೇನೆ. ತನ್ನ ಕೋಳಿಯ ಎದುರು ತಾನೇ ಕಟ್ಟಿದವನನ್ನು ನೋಡಿದ್ದು ಇವತ್ತೇ. ಕೋಳಿ ಸೋಲಲಿ, ಪರವಾಗಿಲ್ಲ. ಎದುರು ಕಟ್ಟಿದವನು ಮರುದಿನ ಅದಕ್ಕೆ ಅಕ್ಕಿ ಹಾಕ್ಲಿಕ್ಕೆ ಯಾವ ಮುಖದಲ್ಲಿ ಹೋಗುವುದು?"

ನನಗೆ ನಾಚಿಕೆಯಾಯಿತು. ಬರೆಯಲೇಬೇಕು ಎಂದು ಬರೆಯುತ್ತಿದ್ದೇನೆ, ನಿಜವಾಗಿ ನಾಚಿಕೆಯಾಯಿತು. ಹತ್ತು ಹೊಸ ಪದ ಬಾಯಿಗೆ ಬಂದ ಕೂಡಲೇ ಮನುಷ್ಯನಿಗೆ ಎಷ್ಟು ಧೈರ್ಯ ಬರುತ್ತದೆ. ಮಗಳು ಸೋಲಲಿ ಎಂದು ಕೂತಿದ್ದೇನೆ ಎಂದು ಯಾರಾದರೂ ಹೇಳಿದ್ದರೆ ನಾನು ಜಗಳಕ್ಕೆ ಹೋಗುತ್ತಿದ್ದೆ. ಅದಕ್ಕೇ ಹೆಡ್ಜ್ ಎಂದು ಹೆಸರಿಟ್ಟ ಕೂಡಲೇ ಅದು ಎಂ.ಬಿ.ಎ. ಮಾಡಿದವರ ಕೆಲಸದ ಹಾಗೆ ಕಂಡಿತ್ತು.

ಕೊನೆಯ ನಿಮಿಷಕ್ಕೆ ಕೆಂಪು ಎರಡು, ಬಿಳಿ ಒಂದು. ಬಿಳಿಯವರು ತಮ್ಮ ಗೋಲಿಯನ್ನೇ ಹೊರಗೆ ಕರೆದು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಆರು ಮಂದಿ ಅನ್ವಿಯ ಮೇಲೆ ಬಿದ್ದರು. ಪಕ್ ಎಲ್ಲಿದೆ ಎಂದೇ ಕಾಣುತ್ತಿಲ್ಲ. ಆ ಉದ್ದನೆಯ ಹುಡುಗ ಮತ್ತೆ ಸ್ಟಿಕ್ ಎತ್ತಿದ. ಅನ್ವಿಯ ಕಾಲುಗಳ ನಡುವೆ ಸಂದಿ. ಫೈವ್ ಹೋಲ್, ಹೆಬ್ಬಾಗಿಲ ಹಾಗೆ ತೆರೆದಿದೆ.

ನಾನು ಎದ್ದದ್ದು ನನಗೇ ಗೊತ್ತಿಲ್ಲ. "ಕಾಲು ಮುಚ್ಚು ಮಗಾ, ಕಾಲು, ಕಾಲು" ಎಂದು ಕಿರುಚುತ್ತಿದ್ದೆ. ಕಲಿತ ಪದ ಒಂದೂ ನೆನಪಿಗೆ ಬರಲಿಲ್ಲ. ಬಾಜಿಯೂ ನೆನಪಿರಲಿಲ್ಲ, ಬೆಳಗಿನ ನಿದ್ದೆಯೂ ನೆನಪಿರಲಿಲ್ಲ. ಅನ್ವಿ ಮೊಣಕಾಲೂರಿ ಎರಡೂ ಪ್ಯಾಡ್ ಜೋಡಿಸಿದಳು. ಪಕ್ ಅಲ್ಲಿಗೆ ಬಂದು ಟಪ್ ಎಂದು ನಿಂತಿತು. ಹೂಟರ್ ಕೂಗಿತು. ನಾನು ಕೆನಡಾದ ಒಬ್ಬ ಅಪರಿಚಿತನನ್ನು ತಬ್ಬಿಕೊಂಡು ಕುಣಿದೆ. ಹಮೀದ್ ಕಣ್ಣೊರೆಸಿಕೊಂಡರು. ಅತ್ತೆ ಮಂಕಿಕ್ಯಾಪ್ ಕಳಚಿ ಗಾಳಿಯಲ್ಲಿ ಬೀಸಿದರು. ಬಾಜಿ ಸೋತು ಇಷ್ಟು ಸಂತೋಷಪಟ್ಟವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಕತೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಪೂಣಚ್ಚ ಇದ್ದಾರಲ್ಲ, ಹೃದಯ ಚಿನ್ನ, ಬಾಯಿಗೆ ಬೀಗವಿಲ್ಲ. ಲಾಬಿಯಲ್ಲಿ ಕರಕ್ ಚಾ ಹಿಡಿದು ಓಡಿಬಂದರು.

"ಥ್ಯಾಂಕ್ಸ್ ಅನ್ವಿ. ನಿನ್ನಿಂದ ನನಗೆ ರಜೆವರೆಗೆ ಡ್ರಾಪ್ ಡ್ಯೂಟಿ ಖಲಾಸ್. ನಿನ್ನಪ್ಪ ಬಾಜಿ ಸೋತ್ರು."

ಅನ್ವಿಯ ಕೂದಲಿನಿಂದ ಬೆವರು ಇಳಿಯುತ್ತಿತ್ತು. ಪದಕ ಕೊರಳಲ್ಲಿತ್ತು. ಅವಳು ನನ್ನನ್ನು ನೋಡಿದಳು. "You bet against me?"

"ಅದು ಹೆಡ್ಜ್ ಮಗಾ. ಅಂದರೆ..."

"I know what a hedge is, Dad."

ಕಿಟ್ ಬ್ಯಾಗ್ ಎಳೆದುಕೊಂಡು ಪೂಣಚ್ಚನ ಕಾರಿನಲ್ಲಿ ಕೂತು ಮನೆಗೆ ಹೋದಳು. ನನ್ನ ಕಾರಿನಲ್ಲಿ ನಾನು, ಅತ್ತೆ ಮತ್ತು ಎಸಿಯ ಸದ್ದು. ಅತ್ತೆ ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ, ಅದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಸಂಜೆ ನಾನು ಅವಳ ಕೋಣೆಯ ಬಾಗಿಲು ತಟ್ಟಿದೆ. ಸಾರಿ ಎಂದೆ. ವಿವರಣೆ ಇಲ್ಲದೆ, ಹೊಸ ಪದ ಇಲ್ಲದೆ, ಬರೀ ಸಾರಿ. ಅವಳು ರೆಫರಿಯ ಹಾಗೆ ಕೈ ಎತ್ತಿ ತೀರ್ಪು ಕೊಟ್ಟಳು. "ಸಿನ್ ಬಿನ್."

"ಎರಡು ನಿಮಿಷ?"

"ರಜೆವರೆಗೆ. ಡ್ರೈವರ್ ಸೀಟ್. ಹಮೀದ್ ಅಂಕಲ್ ಟರ್ನ್ ಕೂಡ ನೀವೇ."

ಪೂಣಚ್ಚ ಫೋನ್ ಮಾಡಿ ಬೇಡ ಮಾರಾಯ, ತಮಾಷೆಗೆ ಅಲ್ವಾ ಎಂದರು. ಹಮೀದ್ ಬಾಜಿಯ ಲಾಭ ತನಗೆ ಬೇಡವೇ ಬೇಡ ಎಂದರು. ಇದು ಬಾಜಿಯಲ್ಲ, ಶಿಕ್ಷೆ ಎಂದು ಅನ್ವಿ ಅವರಿಗೆ ಸ್ಪಷ್ಟೀಕರಣ ಕೊಟ್ಟ ಮೇಲೆ ಒಪ್ಪಿದರು. ಡ್ಯೂಟಿ ಲಿಸ್ಟ್ ಬಂತು. ನೀಟಾಗಿ ಗೆರೆ ಎಳೆದಿದ್ದ ಕಾಗದ, ಎಲ್ಲ ವಾರದಲ್ಲೂ ನನ್ನದೇ ಹೆಸರು.

ಹಾಗಾಗಿ ಈಗ ದಿನಾ ಬೆಳಗ್ಗೆ ಆರೂವರೆಗೆ ನಾಲ್ಕು ಮಕ್ಕಳನ್ನು ತುಂಬಿಕೊಂಡು ಹೊರಡುತ್ತೇನೆ. ಹಿಂದಿನ ಸೀಟಿನಿಂದ ಮೂವರು ಸೇರಿ ಚರ್ಪಿಂಗ್ ನಡೆಸುತ್ತಾರೆ. ಸಿಗ್ನಲ್ ಕೆಂಪಾದರೆ "ಅಂಕಲ್, ಕೆಂಪು ಗೆಲ್ತು" ಎನ್ನುತ್ತಾರೆ. ಅನ್ವಿ ಮೊದಲ ವಾರವಿಡೀ ಹೆಡ್‌ಫೋನ್ ಹಾಕಿಕೊಂಡು ಕಿಟಕಿ ನೋಡುತ್ತಿದ್ದಳು. ಎರಡನೆಯ ವಾರ ಮುಂದಿನ ಸೀಟಿಗೆ ಬಂದಳು. ಅಷ್ಟಕ್ಕೇ ನನಗೆ ಕಪ್ ಗೆದ್ದಷ್ಟು ಸಂತೋಷವಾಯಿತು, ರೇಡಿಯೋ ಜೊತೆ ಹಾಡಿದೆ, ನಾಲ್ವರೂ ಕಿವಿ ಮುಚ್ಚಿಕೊಂಡರು.

ನಿನ್ನೆ ಶಾಲೆಯ ಗೇಟಿನ ಮುಂದೆ ಅವಳು ಇಳಿದಳು. ಬ್ಯಾಗ್ ಹೆಗಲಿಗೇರಿಸಿದಳು. ಬಾಗಿಲು ಮುಚ್ಚುವ ಮೊದಲು ತಲೆ ಒಳಗೆ ಹಾಕಿ, ಅಪರೂಪಕ್ಕೆ ಪೂರ್ತಿ ಕನ್ನಡದಲ್ಲೇ ಕೇಳಿದಳು.

"ಅಪ್ಪಾ, ನಾಳೆ ನನಗೆ ಗಣಿತ ಪರೀಕ್ಷೆ. ಈ ಸಲ ನೀವು ಯಾರ ಕಡೆ?"